ಒತ್ತು ಹೊಲಿಗೆ

ಅವನ ಬಗ್ಗೆ ಬರೆಯುವಾಗ ‘ಅವರು’ ಎಂದು ಬರೆಯಲು ಇಂದಿಗೂ ನನ್ನ ಕೈ ಬರುವುದಿಲ್ಲ. ಎದುರಿಗೆ ಮಾತ್ರ ‘ಸರ್, ಸರ್’ ಎಂದೇ ಕರೆಯುತ್ತಿದ್ದೆ. ಬೆಳಗಾವಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ. ಪ್ರತಿ ಡಿಸೆಂಬರಿನಲ್ಲಿ ಹನ್ನೆರಡು ಮಂದಿಯನ್ನು ಕಟ್ಟಿಕೊಂಡು, ಬೆನ್ನಿಗೆ ಚೀಲ ಏರಿಸಿ, ಖಾನಾಪುರದ ಆಚೆಯ ಘಟ್ಟದಲ್ಲಿ ದಿನಗಟ್ಟಲೆ ನಡೆಸುತ್ತಿದ್ದ. ದಾರಿ ಗೊತ್ತಿತ್ತು ಅವನಿಗೆ, ಇಲ್ಲ ಅನ್ನುವುದಿಲ್ಲ. ಹೊಳೆಯನ್ನು ಎಲ್ಲಿ ದಾಟಬೇಕು, ಯಾವ ಹಳ್ಳಿಯಲ್ಲಿ ಅಕ್ಕಿ ಸಿಗುತ್ತದೆ, ಎಲ್ಲ ಬಲ್ಲವನು. ಬಾಯಿ ಮಾತ್ರ ಹೊಲಸು.

ನಾನಾಗ ಬೆಳಗಾವಿ ಹತ್ತಿರದ ಮಚ್ಛೆಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಸ್ಸಿನ ಸೀಟು, ಗಾದಿ ಹೊಲಿಯುವ ಸಣ್ಣದೊಂದು ಕಾರ್ಖಾನೆಯಲ್ಲಿ ಮಶೀನಿನ ಮೇಲೆ ಕೂರುತ್ತಿದ್ದೆ. ಎರಡು ಸಾವಿರ ಇಸವಿಯ ಆಸುಪಾಸಿನ ಮಾತು. ಮನೆ ಖಾನಾಪುರದಲ್ಲಿ. ಇದ್ದವರು ನಾನು, ಅವ್ವ, ಇಬ್ಬರೇ. ಅವ್ವ ಕೌದಿ ಹೊಲಿಯುತ್ತಿದ್ದಳು. ಊರಿನ ಅರ್ಧ ಮನೆಗಳ ಹಳೇ ಸೀರೆ, ಧೋತರಗಳು ನಮ್ಮ ಪಡಸಾಲೆಗೆ ಬಂದು ಕೌದಿಯಾಗಿ ವಾಪಸು ಹೋಗುತ್ತಿದ್ದವು.

ಕೌದಿಯ ಮರ್ಯಾದೆಯೆಲ್ಲ ಹೊಲಿಗೆಯ ಒತ್ತಿನಲ್ಲಿ. ಎರಡು ಸಾಲಿನ ನಡುವೆ ಕಿರುಬೆರಳು ಹಿಡಿಸಿದರೆ ನಮ್ಮ ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಅವ್ವನ ಸಾಲುಗಳ ನಡುವೆ ಒಂದು ಜೋಳದ ಕಾಳು ಇಟ್ಟರೆ ಎರಡೂ ಬಾಜು ದಾರ ಮುಟ್ಟುತ್ತಿತ್ತು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಐದು ಅಕ್ಕಿಕಾಳು ಹಾಕುತ್ತಿದ್ದಳು. ಕೌದಿಗೆ ಉಡಿ ತುಂಬುವುದು ಅನ್ನುತ್ತಿದ್ದಳು ಅದನ್ನು. ‘ಹೊಚಗೊಂಡಾವ್ರು ಬೆಚ್ಚಗಿರ್ಲಿ’ ಎಂದು ಹೇಳಿಯೇ ದಾರ ಕಡಿಯುವಳು. ಅವಳ ಕೌದಿ ಹೊದ್ದು ಥಂಡಿ ಹತ್ತಿತು ಎಂದವರನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಮೊದಲ ಸಲ ಅವನ ಗುಂಪಿನೊಂದಿಗೆ ಹೊರಟಾಗ ನಾನು ಒಯ್ದದ್ದು ಅವಳ ಕೌದಿಯನ್ನೇ. ನಾಲ್ಕು ಕಿಲೋ ಭಾರ. ಚೀಲದ ಮೇಲೆ ಹಗ್ಗದಿಂದ ಬಿಗಿದುಕೊಂಡಿದ್ದೆ. ಕಣಕುಂಬಿ ಮುಟ್ಟುವಷ್ಟರಲ್ಲಿ ಎರಡು ರಾತ್ರಿಯ ಇಬ್ಬನಿ ಕುಡಿದು ಎಂಟು ಕಿಲೋ ಆಗಿತ್ತು. ಎಲ್ಲರಿಗಿಂತ ಹಿಂದೆ ಬೀಳುತ್ತಿದ್ದೆ. ಆ ಸಂಜೆ ಡೇರೆ ಹೊಡೆಯುವಾಗ ಅವನು ಕೈಯಲ್ಲಿದ್ದ ಕೋಲಿನಿಂದ ಅದರ ಒಂದು ಮೂಲೆ ಎತ್ತಿ ಹಿಡಿದ.

“ಏನೋ ಇದು? ಎತ್ತಿನ ಮ್ಯಾಲ ಹಾಕೂದು ತಂದೀಯಲ್ಲೋ! ಮನಷ್ಯಾರು ಹೊಚಗೋತಾರೇನು ಇದನ್ನ?”

ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ಹಲ್ಲು ಕಿರಿದೆ, ನನ್ನ ಬಾಯಿಗಿಷ್ಟು ಬೆಂಕಿ ಬೀಳಲಿ. ಅವನಿಗೆ ಇನ್ನಷ್ಟು ಹುರುಪು ಬಂತು.

“ಬಾಗಲಿಗೆ ಹಾಸ್ರೆಪಾ. ಬೂಟ ಇಡಲಿಕ್ಕೆ ಛಲೋ ಆಗ್ತದ.”

ಹಾಸಿದರು. ಹನ್ನೆರಡು ಜೊತೆ ಕೆಸರು ಬೂಟುಗಳು ಅವ್ವನ ಹೊಲಿಗೆಯ ಮೇಲೆ ಸಾಲಾಗಿ ಕೂತವು. ಆ ರಾತ್ರಿ ಸ್ವೆಟರ್ ಮೇಲೆ ಟವಲು ಸುತ್ತಿಕೊಂಡು ಮುದುಡಿ ಬಿದ್ದಿದ್ದೆ. ಅವನು ಮುಂಬೈಯಿಂದ ತರಿಸಿದ ಹಕ್ಕಿಪುಕ್ಕ ತುಂಬಿದ ಮಲಗುವ ಚೀಲದೊಳಗೆ ಹೊಕ್ಕು ಗೊರಕೆ ಹೊಡೆದ. ಬೆಳಿಗ್ಗೆ ಎದ್ದು, “ಗೋಧಡಿ, ನೀ ಬಸ್ ಹಿಡದ ಊರಿಗೆ ಹೋಗಪಾ. ನಿನ್ನ ಕಾಯಕೋತ ಕೂಡಲಿಕ್ಕೆ ಆಗೂದಿಲ್ಲ” ಎಂದ. ಮರಾಠಿಯಲ್ಲಿ ಕೌದಿಗೆ ಗೋಧಡಿ ಅನ್ನುತ್ತಾರೆ. ಅಂದಿನಿಂದ ಗುಂಪಿನಲ್ಲಿ ನನ್ನ ಹೆಸರು ಅದೇ ಆಯಿತು.

ಮನೆ ಮುಟ್ಟಿದ ಮೇಲೆ ಅವ್ವ ಕೌದಿ ಬಿಚ್ಚಿ ಅಂಗಳದಲ್ಲಿ ಹರವಿದಳು. ಬೂಟಿನ ಅಚ್ಚುಗಳು ಒಣಗಿ ಗಟ್ಟಿಯಾಗಿದ್ದವು.

“ಯಾರ ತುಳದಾರೋ ಇದನ್ನ?”

ಎಲ್ಲ ಹೇಳಿದೆ. ಹೇಳುವಾಗ ನನಗೆ ಅಳು ಬಂದಿತ್ತು, ಸಿಟ್ಟಿನ ಅಳು. ಅವ್ವ ಬಕೀಟಿಗೆ ನೀರು ಹಿಡಿಯುತ್ತ, “ಹೋಗಲಿ ಬಿಡು. ತೊಳದ್ರ ಹೋಗತೈತಿ” ಎಂದಳು.

ನಾನು ಬಿಡಲಿಲ್ಲ. ಬಿಡುವ ಜಾತಿಯೇ ಅಲ್ಲ ನಾನು. ಆ ಮಂಗ್ಯಾನ ಮಗ ನಮ್ಮ ಮನೆಗೆ ಬಂದು, ಅವ್ವನ ಮುಂದೆ ನಿಂತು, ‘ತಪ್ಪಾತ್ರಿ’ ಅನ್ನಬೇಕು. ನನಗೆ ಬೇಕಾದದ್ದು ಅದೊಂದೇ ಮಾತು. ಅದಕ್ಕೆ ಮೊದಲು ಅವನ ಪುಕ್ಕದ ಚೀಲದ ಸೊಕ್ಕು ಇಳಿಸಬೇಕಿತ್ತು. ಅದಕ್ಕಿಂತ ಹಗುರವಾದ, ಅದಕ್ಕಿಂತ ಬೆಚ್ಚಗಿನ ಹೊದಿಕೆಯನ್ನು ನನ್ನ ಕೈಯಿಂದಲೇ ಹೊಲಿದು, ಅವನ ಪಕ್ಕದಲ್ಲೇ ಮಲಗುತ್ತೇನೆ ಎಂದು ಹಟ ತೊಟ್ಟೆ.

ಕಾರ್ಖಾನೆಯಲ್ಲಿ ಗಾದಿಯ ಫೋಮಿನ ಮೇಲೆ ಹಾಸಲು ಬಿಳಿ ಫೈಬರ್ ಬರುತ್ತಿತ್ತು, ಪಾಲಿಯೆಸ್ಟರಿನ ಎಳೆಗಳದ್ದು, ಕಂಬಳಿಯ ಹಾಗೆ ಸುರುಳಿ ಸುತ್ತಿದ್ದು. ಕೈಗೆ ಎತ್ತಿಕೊಂಡರೆ ಭಾರವೇ ಇಲ್ಲ. ನೀರಲ್ಲಿ ಅದ್ದಿ ಹಿಂಡಿ ಝಾಡಿಸಿದರೆ ಮತ್ತೆ ಉಬ್ಬುತ್ತಿತ್ತು. ಮಾಲೀಕರನ್ನು ಕೇಳಿ ಸುರುಳಿಯ ಕೊನೆಯ ತುಂಡುಗಳನ್ನು ತಂದೆ. ಬೆಳಗಾವಿಯ ಕ್ಯಾಂಪಿನಲ್ಲಿ ಮಿಲಿಟರಿಯ ಹಳೇ ಸಾಮಾನು ಮಾರುವ ಅಂಗಡಿಯಿಂದ ತೆಳ್ಳನೆಯ ನೈಲಾನ್ ಬಟ್ಟೆ ತಂದೆ, ಪ್ಯಾರಾಶೂಟ್ ಬಟ್ಟೆ ಅನ್ನುತ್ತಾರಲ್ಲ ಅದು. ಫೈಬರನ್ನು ನಡುವೆ ಇಟ್ಟು ಪಡಸಾಲೆಯಲ್ಲಿ ಹರವಿದಾಗ ಅವ್ವ ಬಂದು ಬೆರಳಿನಿಂದ ಒತ್ತಿ ನೋಡಿದಳು.

“ಅಯ್ಯ ಶಿವನ, ಇದೇನೋ ಹೊಲಿಗೀನ ಇಲ್ಲ! ಇಷ್ಟ ಸಡಲ ಬಿಟ್ಟರ ಮಂದಿ ಏನಂದಾರು? ಕೊಡಿಲ್ಲೆ.”

ಕೊಟ್ಟೆ. ಏಕೆಂದರೆ ನಾನೂ ಅದೇ ಓಣಿಯ ಮಗ. ಒತ್ತಿ ಹೊಲಿದಷ್ಟೂ ಬೆಚ್ಚಗೆ ಎಂಬುದನ್ನು ತಾಯಿಹಾಲಿನ ಜೊತೆಗೇ ಕುಡಿದವನು. ಹನ್ನೊಂದು ದಿನ ಕೂತು, ಅಂಚಿನಿಂದ ಅಂಚಿಗೆ, ಜೋಳದ ಕಾಳಿನ ಅಳತೆಯಲ್ಲಿ ಸಾಲು ಹಾಕಿದಳು. ನೋಡಲು ಅದೆಷ್ಟು ಚಂದ! ಅದನ್ನು ಹೊದ್ದು ಜನವರಿಯ ಒಂದು ರಾತ್ರಿ ಮಾಳಿಗೆಯ ಮೇಲೆ ಮಲಗಿದೆ. ಯಪ್ಪಾ, ಹಲ್ಲು ಕಟಕಟ ಅಂದವು. ಬೆಳಗಾಗುವ ತನಕ ಮೊಣಕಾಲನ್ನು ಗದ್ದಕ್ಕೆ ಹಚ್ಚಿಕೊಂಡು ಕೂತಿದ್ದೆ.

ಸೂರ್ಯ ಬಂದ ಮೇಲೆ ಎತ್ತಿ ಹಿಡಿದೆ. ಸೂಜಿ ಚುಚ್ಚಿದಲ್ಲೆಲ್ಲ ಬೆಳಕು ಹಣಿಕಿ ಹಾಕಿತು. ಹೊಲಿಯುವ ಮೊದಲು ಎರಡು ಬೆರಳು ದಪ್ಪ ಇದ್ದದ್ದು ಈಗ ಚಪಾತಿಯಷ್ಟು ತೆಳ್ಳಗಾಗಿತ್ತು. ಆಗ ತಲೆಗೆ ಹೊಳೆಯಿತು. ಹಳೇ ಸೀರೆಗಳ ಕೌದಿಯಲ್ಲಿ ಬಟ್ಟೆಯ ಭಾರವೇ ಬಿಸಿ ಕೊಡುತ್ತದೆ. ಒತ್ತಿ ಹೊಲಿದರೆ ಗಾಳಿ ನುಗ್ಗುವುದಿಲ್ಲ, ಬಾಳಿಕೆಯೂ ಬರುತ್ತದೆ. ಫೈಬರಿನದು ಹಾಗಲ್ಲ. ಅದರ ಎಳೆಗಳ ನಡುವೆ ಸಿಕ್ಕ ಗಾಳಿಯೇ ಅದರ ಬಿಸಿ. ಅದನ್ನು ಒತ್ತಿ ಹೊಲಿಯುವುದೂ ಒಂದೇ, ಕುತ್ತಿಗೆ ಹಿಸುಕುವುದೂ ಒಂದೇ.

ಅವ್ವ ಕೆಳಗಿನಿಂದ, “ಹ್ಯಾಂಗಿತ್ತೋ?” ಎಂದು ಕೂಗಿದಳು. “ಭಾರಿ ಛಲೋ ಐತವ್ವಾ” ಎಂದೆ. ಅವಳ ಹನ್ನೊಂದು ದಿನದ ಕೆಲಸಕ್ಕೆ ಬೇರೆ ಏನು ಹೇಳಲಿ? ಮಡಚಿ ಟ್ರಂಕಿನ ತಳಕ್ಕೆ ಹಾಕಿದೆ.

ಎರಡನೆಯದನ್ನು ಕಾರ್ಖಾನೆಯಲ್ಲೇ, ಡ್ಯೂಟಿ ಮುಗಿದ ಮೇಲೆ ಹೊಲಿದೆ. ಈ ಸಲ ತಲೆ ಓಡಿಸಿದೆ. ಅವನ ಪುಕ್ಕದ ಚೀಲ ಮೈ ಸುತ್ತಲೂ ಇರುತ್ತದೆ, ಆದರೆ ಬೆನ್ನ ಕೆಳಗಿನದು ಮೈಭಾರಕ್ಕೆ ಅಪ್ಪಚ್ಚಿ. ಅಲ್ಲಿ ಯಾವ ಬಿಸಿಯೂ ಇಲ್ಲ, ಬರೀ ಹೊರೆ. ನನ್ನದಕ್ಕೆ ಕೆಳಭಾಗವೇ ಬೇಡ, ಅಲ್ಲಿಗೆ ಒಂದು ಚಾಪೆ ಸಾಕು. ಹೆಗಲ ಬಳಿ ಅಗಲ, ಕಾಲ ಬಳಿ ಕಿರಿದು ಮಾಡಿ ಕತ್ತರಿಸಿದೆ. ಎರಡು ಬಟ್ಟೆಗಳನ್ನು ಮುಖಕ್ಕೆ ಮುಖ ಇಟ್ಟು, ಮೇಲೆ ಎರಡು ಪದರ ಫೈಬರ್ ಹಾಸಿ, ಅಂಚಿಗಷ್ಟೇ ಮಶೀನು ಓಡಿಸಿ, ದಿಂಬಿನ ಗೌಸಣಿಗೆಯ ಹಾಗೆ ತಿರುವಿ ಹಾಕಿದೆ. ಒಳಗಿನದು ಜಾರಬಾರದೆಂದು ಗೇಣಿಗೊಂದರಂತೆ ಸಡಿಲವಾದ ಗಂಟು. ಅಷ್ಟೇ, ನಡುವೆ ಒಂದೂ ಸಾಲಿಲ್ಲ. ಕಾಲ ಕಡೆಯ ಒಂದೂವರೆ ಮೊಳ ಮಾತ್ರ ಜೋಡಿಸಿ ಪಾದಕ್ಕೆ ಗೂಡು ಮಾಡಿದೆ, ಕುತ್ತಿಗೆಯ ಕಡೆ ಲಾಡಿ ಹಾಕಿದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ ಒಂದು ಕಿಲೋದ ಕಲ್ಲು ಮೇಲೆ ಏಳಲಿಲ್ಲ! ಅವ್ವ ನೋಡಿ ಮೂಗು ಮುರಿದಳು. “ಗಡಿಬಿಡಿಯಾಗ ಮಾಡಿದ್ದವ್ವಾ, ಕಾಡಾಗ ಹರದ್ರೂ ಪರವಾಗಿಲ್ಲ ಅಂತ” ಎಂದು ಸುಳ್ಳು ಬಿಟ್ಟೆ.

ಆ ವರ್ಷದ ನಡಿಗೆ ಎಂಟು ದಿನದ್ದು. “ಬಂತಪಾ ನಮ್ಮ ಗೋಧಡಿ” ಎಂದು ಅವನು ಮೊದಲೇ ಶುರು ಮಾಡಿದ. ನಾನು ಹಲ್ಲು ಕಚ್ಚಿಕೊಂಡೆ. ಮೂರನೆಯ ದಿನ ಹಳ್ಳ ದಾಟುವಾಗ ಅವನ ಕಾಲು ಜಾರಿ ಬೆನ್ನ ಚೀಲ ನೀರಿಗೆ ಬಿತ್ತು. ಪುಕ್ಕವೆಲ್ಲ ಮುದ್ದೆಗಟ್ಟಿ, ಮಳೆಗೆ ತೊಯ್ದ ಕೋಳಿಯಂತಾಯಿತು. ಉಳಿದಷ್ಟೂ ದಿನ ಒಣಗಲಿಲ್ಲ. ಅವನು ರಾತ್ರಿಯೆಲ್ಲ ಮಗ್ಗಲು ಬದಲಿಸುವುದನ್ನು ಕೇಳುತ್ತ ನಾನು ಬೆಚ್ಚಗೆ ಮಲಗಿರುತ್ತಿದ್ದೆ. ಅದರಂಥ ಜೋಗುಳ ಇನ್ನೊಂದಿಲ್ಲ.

ಕೊನೆಯ ದಿನ ನನ್ನ ಹೊದಿಕೆಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ.

“ಯಾರು ಹೊಲದ್ರೋ ಇದನ್ನ?”

“ನಾನ್ರೀ ಸರ್.”

“ನನಗೂ ಒಂದು ಮಾಡಿಕೊಡು. ಮುಂದಿನ ವರ್ಷ ಮಹಾಬಳೇಶ್ವರದ ತನಕಾ ಹೋಗೂದದ. ಹದಿನೆಂಟು ದಿವಸ. ನಾಕು ವರ್ಷದಿಂದ ಅದರ ನಕಾಶಿ ಬರೀಲಿಕ್ಕತ್ತೀನಿ.”

ಈಗ ಅಂದಾನು, ಈಗ ಅಂದಾನು ಎಂದು ಕಾದೆ. ಅನ್ನಲಿಲ್ಲ. ನಾನೇ ಬಾಯಿ ಬಿಟ್ಟೆ. “ಹ್ವಾದ ವರ್ಷ ನಮ್ಮವ್ವನ ಕೌದಿ ನೀವು ಬಾಗಲಿಗೆ…”

“ಯಾವ ಕೌದಿ?” ಎಂದ ಅವನು.

ಮರೆತೇಬಿಟ್ಟಿದ್ದ! ವರ್ಷವಿಡೀ ನಾನು ಅದನ್ನೇ ಉಂಡು ಅದನ್ನೇ ಹೊದ್ದು ಮಲಗಿದ್ದೆ. ಅವನ ತಲೆಯಲ್ಲಿ ಅದಕ್ಕೆ ಒಂದು ಸಾಸಿವೆಯಷ್ಟೂ ಜಾಗ ಇರಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ಆ ಕ್ಷಣದಲ್ಲೇ ನಾನು ನಿಶ್ಚಯಿಸಿದೆ. “ಮಾಡಿಕೊಡ್ತೀನ್ರೀ ಸರ್, ಸ್ಪೆಷಲ್ ಮಾಡಿಕೊಡ್ತೀನಿ” ಎಂದೆ.

ಬಟ್ಟೆ, ಫೈಬರ್ ತಂದೆ. ಅವನು ನನಗಿಂತ ಒಂದು ಗೇಣು ಉದ್ದ, ಅದರಂತೆ ಕತ್ತರಿಸಿದೆ. ಅವ್ವನ ಮುಂದೆ ಹರವಿದೆ.

“ಯಾರಿಗೋ ಇದು?”

“ಸರ್‌ಗೆ.”

“ಬೂಟ ಇಟ್ಟಾವ್ರಿಗೇನು?”

“ಹ್ಞೂಂ. ಕೌದಿ ಗತೆ ಒತ್ತಿ ಹೊಲೀಬೇಕಂತ.”

ಅವ್ವನ ಮುಖ ಅರಳಿತು. “ನೋಡು, ನಾ ಹೋಗಲಿ ಬಿಡು ಅಂದಿದ್ದಿಲ್ಲ? ಮನಷ್ಯಾಂದು ಮನಸ್ಸು ತಿರಗತೈತಿ. ಬಾಯಿಲೆ ಅನ್ನಾಕ ನಾಚಿಕಿ ಬಂದಿರಬೇಕು, ಹಿಂಗ ಕೇಳ್ಯಾರ.” ಅದೇ ಅವನ ತಪ್ಪೊಪ್ಪಿಗೆ ಎಂದುಕೊಂಡುಬಿಟ್ಟಳು, ಪಾಪದ ಹೆಂಗಸು. ಊರವರ ಕೌದಿಗಳನ್ನೆಲ್ಲ ಬದಿಗಿಟ್ಟು ಇದನ್ನು ಹಿಡಿದಳು. ಇಪ್ಪತ್ತೆರಡು ದಿನ. ಕಣ್ಣು ಮಂಜಾದಾಗ ಬಾಗಿಲಿಗೆ ಸರಿದು ಬಿಸಿಲಲ್ಲಿ ಕೂತು ಹೊಲಿಯುವಳು. ನಾನು ಕಾರ್ಖಾನೆಯಿಂದ ಬಂದು ನೋಡಿ, “ಇನ್ನೂ ಒತ್ತವ್ವಾ, ಇನ್ನೂ ಒತ್ತು” ಅನ್ನುವೆ. ಒಂದೊಂದು ಸಾಲಿಗೂ ನನಗೆ ಒಳಗೊಳಗೇ ಖುಷಿ. ಕೊನೆಯ ಮೂಲೆಗೆ ಐದು ಅಕ್ಕಿಕಾಳು ಹಾಕಿ, “ಹೊಚಗೊಂಡಾವ್ರು ಬೆಚ್ಚಗಿರ್ಲಿ” ಎಂದು ದಾರ ಕಡಿದಳು. ನಾನು ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆ.

ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ, ಹೊರಡುವ ದಿನವೇ ಅವನ ಕೈಗೆ ಕೊಟ್ಟೆ. ಬಿಚ್ಚಿ ನೋಡಿ ಹಿಗ್ಗಿದ. “ನಿಂದಕ್ಕಿಂತ ಭಾರಿ ಅದಲ್ಲೋ ಇದು! ನಿಂದು ಬರೇ ಚೀಲ ಇದ್ದಂಗ ಅದ” ಎಂದು ಎಲ್ಲರಿಗೂ ಹೊಲಿಗೆ ತೋರಿಸಿದ. ನನ್ನ ಮಾತು ನಂಬಿ ಹಳೇ ಪುಕ್ಕದ ಚೀಲವನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಖರೇ ಹೇಳುತ್ತೇನೆ, ಆ ಮಾತು ಕೇಳಿ ನನಗೆ ಕುಣಿಯುವಷ್ಟು ಸಂತೋಷವಾಯಿತು.

ಅಂಬೋಲಿಯ ತನಕ ತಡೆದುಕೊಂಡ. ಬಾಯಿ ಬಿಡಲಿಲ್ಲ, ಜಂಬ. ರಾಧಾನಗರಿ ದಾಟಿದ ಮೇಲೆ ಥಂಡಿ ಏರುತ್ತ ಹೋಯಿತು. ಎಷ್ಟು ಬೇಗ ಎದ್ದರೂ ಅವನು ನಮಗಿಂತ ಮೊದಲೇ ಎದ್ದು, ಇದ್ದಬದ್ದ ಬಟ್ಟೆಯೆಲ್ಲ ತೊಟ್ಟು, ಹೊದಿಕೆಯನ್ನು ಹೆಗಲಿಗೆ ಸುತ್ತಿಕೊಂಡು ಒಲೆಯ ಬೂದಿ ಕೆದಕುತ್ತಿದ್ದ. ಕಣ್ಣು ಕೆಂಪು. ದಾರಿ ತಪ್ಪತೊಡಗಿದ. ಹತ್ತನೆಯ ದಿನ, ಗಗನಬಾವಡಾದ ಹತ್ತಿರ, ಬೆಳಗಿನ ಚಹಾದ ಹೊತ್ತಿಗೆ ನನ್ನನ್ನು ಬಾಜೂಕ್ಕೆ ಕರೆದ.

“ಒಂದ ದಿವಸದ ಮಟ್ಟಿಗೆ ನಿಂದು ನನಗ ಕೊಡ್ತೀಯೇನೋ? ಅದ್ಲಾಬದ್ಲಿ ಮಾಡೋಣು.”

ಎರಡು ವರ್ಷದಿಂದ ಹರಿತ ಮಾಡಿ ಇಟ್ಟುಕೊಂಡಿದ್ದ ಮಾತನ್ನು ಹೊರಗೆ ತೆಗೆದೆ. “ಬ್ಯಾಡ್ರೀ ಸರ್. ಇದು ಎತ್ತಿನ ಮ್ಯಾಲ ಹಾಕೂದು. ಮನಷ್ಯಾರು ಹೊಚಗೊಳ್ಳೂದಿಲ್ರೀ.”

ಅವನು ಹೊದಿಕೆಯನ್ನು ಹೆಗಲಿಗೆ ಎಳೆದುಕೊಂಡು ಒಲೆಯ ಕಡೆ ಹೋದ. ಆ ಮಾತು ಕೂಡ ಅವನಿಗೆ ನೆನಪಾಗಲಿಲ್ಲ, ಕಾಣುತ್ತದೆ. ಮಾರನೆಯ ದಿನ ಅವನ ಮೈ ಕೆಂಡದಂತೆ ಸುಡುತ್ತಿತ್ತು. ವರ್ಷಗಟ್ಟಲೆ ನಕಾಶೆ ಬರೆದವನನ್ನು ನಾವೇ ಕೊಲ್ಹಾಪುರದ ಬಸ್ಸಿಗೆ ಹತ್ತಿಸಿದೆವು. ಕಿಟಕಿಯಿಂದ ಕೈ ಕೂಡ ಬೀಸಲಿಲ್ಲ. ನಾವು ಅವನ ನಕಾಶೆ ಹಿಡಿದು ಮುಂದೆ ನಡೆದೆವು. ಮಹಾಬಳೇಶ್ವರದಲ್ಲಿ ಹುಲ್ಲಿನ ಮೇಲೆ ಹಿಮ ಕೂತಿತ್ತು, ನಾನು ಗೂಡೊಳಗಿನ ಹಕ್ಕಿಯ ಹಾಗೆ ಮಲಗಿದ್ದೆ. ಬೆಳಿಗ್ಗೆ ಎರಡು ಪ್ಲೇಟು ಕಾಂದಾಭಜಿ ತಿಂದೆ. ಜೀವನದಲ್ಲಿ ಭಜಿ ಅಷ್ಟು ರುಚಿ ಎಂದೂ ಅನ್ನಿಸಿಲ್ಲ.

ಎರಡು ವಾರ ಕಳೆದು, ಒಂದು ಭಾನುವಾರ, ಸಂತೆಯಿಂದ ಮನೆಗೆ ಬಂದರೆ ನಮ್ಮ ಕಟ್ಟೆಯ ಮೇಲೆ ಅವನು! ಅವ್ವ ಕೊಟ್ಟ ಚಹಾ ಕುಡಿಯುತ್ತ ಕೂತಿದ್ದ. ಮುಖ ಬಾಡಿತ್ತು. ಪಕ್ಕದಲ್ಲಿ ಆ ಹೊದಿಕೆ, ತೊಳೆದು ನೀಟಾಗಿ ಮಡಚಿಟ್ಟಿದ್ದು. ಹೊಲಿದವಳು ತಾನೇ ಎಂದು ಅವ್ವ ಆಗಲೇ ಹೇಳಿದ್ದಳು. ಬಂದ, ಕೊನೆಗೂ ಬಂದ ಎಂದುಕೊಂಡೆ.

“ಅವ್ವಾರ,” ಎಂದ, ಮೆತ್ತಗಿನ ದನಿಯಲ್ಲಿ, “ನಿಮ್ಮ ಕೈಗೆಲಸ ನೋಡಲಿಕ್ಕೆ ಭಾರಿ ಚಂದ ಅದರೀ. ಆದ್ರ ಥಂಡಿ ತಡೀಲಿಲ್ಲ. ಇಟಗೋರಿ, ಯಾರಿಗರೆ ಉಪಯೋಗ ಆಗ್ತದ.” ನನ್ನ ಕಡೆ ತಲೆಯಾಡಿಸಿ, ಸ್ಕೂಟರ್ ಹತ್ತಿ ಹೋದ.

ಅವ್ವ ಹೊದಿಕೆಯನ್ನು ತೊಡೆಯ ಮೇಲೆ ಹಾಕಿಕೊಂಡು ಸಾಲುಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಒಳಗೆ ಹೋಗಿ ಗೂಟಕ್ಕೆ ತೂಗುಹಾಕಿದ್ದ ನನ್ನದನ್ನು ತಂದು ಪಕ್ಕದಲ್ಲಿ ಹರವಿದಳು. ಅಂಗೈಯಿಂದ ಎರಡನ್ನೂ ಒತ್ತಿದಳು. ನನ್ನದು ಎದ್ದು ಬಂತು. ಅವನದು ಏಳಲಿಲ್ಲ. ಮತ್ತೆ ಎದ್ದು ಹೋಗಿ ಟ್ರಂಕು ತೆಗೆದ ಸದ್ದು ಕೇಳಿತು. ತಳದಲ್ಲಿದ್ದ ಮೊದಲನೆಯದನ್ನು, ಹನ್ನೊಂದು ದಿನದ್ದನ್ನು, ಮಡಿಕೆ ಮುರಿಯದ ಹಾಗೇ ಎತ್ತಿ ತಂದಳು.

“ಒಂದ ರಾತ್ರಿ ಹೊಚಗೊಂಡು ಇಟ್ಟಬಿಟ್ಟಿ. ನಿನಗ ಗೊತ್ತಿತ್ತು.”

“ಅವ ನಿನ್ನ ಕೌದಿ ಮ್ಯಾಲ ಬೂಟ ಇಟ್ಟಾನವ್ವಾ!”

“ಬೂಟಿನ ಕೆಸರ ಎರಡ ಬಕೀಟ ನೀರಿಗೆ ಹೋಗಿತ್ತಲ್ಲೋ. ಇದನ್ನ ನನ್ನ ಕೈಲೆ ಯಾಕ ಹೊಲಿಸಿದಿ?”

ಅವನಿಗೆ ಮಾಡಿದ್ದಕ್ಕೆ ನನಗೆ ಇವತ್ತಿಗೂ ಎಳ್ಳಷ್ಟು ಮರುಕವಿಲ್ಲ, ಬೇಕಾದರೆ ಇನ್ನೊಮ್ಮೆ ಮಾಡಿಯೇನು. ಆ ಹೊಲಿಗೆಯನ್ನು ನಾನೇ ಹಾಕಬೇಕಿತ್ತು, ಅಷ್ಟೇ.

ಮರುದಿನದಿಂದ ಬ್ಲೇಡು ಹಿಡಿದು ಕೂತಳು. ಒಂದೊಂದೇ ಹೊಲಿಗೆ ಬಿಚ್ಚಿದಳು. ನಾನು ಕೈ ಹಾಕಲು ಹೋದರೆ ಹೊದಿಕೆಯನ್ನು ತನ್ನತ್ತ ಎಳೆದುಕೊಂಡಳು. ಎಲ್ಲ ಬಿಚ್ಚಿದ ಮೇಲೆ, ಸೂಜಿಯ ತೂತು ಬಿದ್ದ ಬಟ್ಟೆಯನ್ನು ಅಳತೆಗೆ ಇಟ್ಟುಕೊಂಡು ಹೊಸ ಬಟ್ಟೆ ತರಿಸಿದಳು. ಫೈಬರನ್ನೂ ಹೊಸದು ಹಾಕಿದಳು. ನನ್ನನ್ನು ಕೇಳಿದ್ದು ಒಂದೇ ಮಾತು: “ಗಂಟಿಗೂ ಗಂಟಿಗೂ ಎಷ್ಟ ಅಂತರ?” ಗೇಣು ಎಂದೆ. ಹಾಕಿದಳು. ನಲವತ್ತು ವರ್ಷ ಜೋಳದ ಕಾಳಿನ ಅಳತೆಯಲ್ಲಿ ಹೊಲಿದ ಕೈ ಗೇಣುಗೇಣಿಗೆ ಒಂದೊಂದು ಗಂಟು ಹಾಕುತ್ತಿದ್ದುದನ್ನು ನೋಡಲಾರದೆ ನಾನು ಹೊರಗೆ ಹೋಗಿ ನಿಲ್ಲುತ್ತಿದ್ದೆ. ಕೊನೆಯ ಮೂಲೆಗೆ ಅಕ್ಕಿಕಾಳು ಹಾಕುವುದನ್ನು ಮರೆಯಲಿಲ್ಲ.

ಅದನ್ನು ಚೀಲದಲ್ಲಿ ಹಾಕಿಕೊಂಡು ಒಬ್ಬಳೇ ಬೆಳಗಾವಿಯ ಬಸ್ಸು ಹತ್ತಿದಳು. ನಾನು ಬರುತ್ತೇನೆಂದರೆ ಬೇಡವೆಂದಳು. ಕಾಲೇಜಿಗೇ ಹೋಗಿ, ಮನೆ ಎಲ್ಲಿ ಎಂದು ವಿಚಾರಿಸಿ, ಅವನ ಮನೆಯ ಬಾಗಿಲು ಬಡಿದಿದ್ದಾಳೆ. ವಾಪಸು ಬಂದಾಗ ಸಂಜೆ. ಕಾಲು ತೊಳೆದು ಒಳಗೆ ಬಂದು ಕೂತಳು.

“ಕೊಟ್ಟ ಬಂದ್ಯಾ?”

“ಕೊಟ್ಟೆ.”

“ಏನಂದಿ?”

“ಏನನ್ನೂದು. ನನ್ನ ಕೈ ತಪ್ಪಿತ್ರೀ ಸಾಹೇಬ್ರ, ತಪ್ಪಾತ್ರಿ ಅಂದೆ.”

ಯಾವ ಮಾತಿಗಾಗಿ ಎರಡು ವರ್ಷ ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡಿದ್ದೆನೋ ಅದೇ ಮಾತು. ಅವನ ಹೊಸ್ತಿಲಲ್ಲಿ, ನನ್ನ ಅವ್ವನ ಬಾಯಿಂದ.

“ಅದಕ್ಕ ಅವ ಏನಂದ?” ಎಂದು ಕೇಳಿದೆ. ಕೇಳಬಾರದಿತ್ತು.

ಅವ್ವ ಸೂಜಿಯ ಡಬ್ಬಿ ಎಳೆದುಕೊಂಡು, ಯಾರದೋ ಮನೆಯ ಅರ್ಧ ಹೊಲಿದ ಕೌದಿಯನ್ನು ಮಡಿಲಿಗೆ ಹಾಕಿಕೊಂಡಳು.

“ಹೋಗಲಿ ಬಿಡ್ರಿ ಅಂದ್ರು.”

ಅವನು ನನ್ನ ಅವ್ವನನ್ನು ಕ್ಷಮಿಸಿದ್ದ.